ಒಂದು ಕಾರು, ನಾಲ್ಕು ಸಾವಿರದ ಇನ್ನೂರ ಹನ್ನೊಂದು ಮಂದಿ

ನೂಲಗೇರಿಯಲ್ಲಿ ಇದ್ದದ್ದು ಒಂದೇ ಕಾರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ಬರುವ ಅಂಕಿಗಳನ್ನು ಕಂಡವರು ಅದನ್ನು ಮುಂಬಯಿಯ ಮಗ್ಗುಲಿನ ಊರೆಂದು ತಿಳಿದಾರು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಎಡಕ್ಕೆ ಎರಡು ಮೈಲಿ ನಡೆದರೆ ಸಿಗುವ ನೇಕಾರರ ಊರು ಅದು. ಊರಿಗೆ ಪುರಸಭೆ ಇತ್ತು, ಪುರಸಭೆಗೆ ಫಲಕ ಇತ್ತು, ಫಲಕದ ಮೇಲೆ ‘ಪಟ್ಟಣ’ ಎಂದು ಬರೆದಿತ್ತು. ಹೀಗಾಗಿ ಪಟ್ಟಣಗಳಿಗೆ ಬರುವ ಸರಕಾರಿ ಕಾಗದಗಳೆಲ್ಲ ನೂಲಗೇರಿಗೂ ತಪ್ಪದೆ ಬರುತ್ತಿದ್ದವು.

ಎಂಬತ್ತನೆಯ ಇಸವಿ, ಪೆಟ್ರೋಲಿಗೆ ಬರ ಬಂದಿತ್ತು. ಆ ವರ್ಷ ಬಂದ ಒಂದು ಕಾಗದದ ವಿಷಯ ಹೀಗಿತ್ತು: ‘ಪಟ್ಟಣವಾಸಿಗಳು ಮೋಟಾರು ಕಾರುಗಳ ಮೇಲೆ ಅವಲಂಬಿಸುವುದನ್ನು ಕಡಿಮೆ ಮಾಡುವ ಬಗ್ಗೆ.’ ಅದರ ಜೊತೆಗೆ ಐದು ಕಾಲಮ್ಮುಗಳ ಒಂದು ನಮೂನೆ. ವರ್ಷದ ಮೊದಲಿಗೆ ಊರಲ್ಲಿ ಎಷ್ಟು ಕಾರು? ಅವುಗಳ ಮೇಲೆ ಅವಲಂಬಿಸಿದ ನಿವಾಸಿಗಳು ಯಾರಾರು? ಅವಲಂಬನೆ ತಗ್ಗಿಸಲು ಏನು ಕ್ರಮ? ವರ್ಷದ ಕೊನೆಗೆ ಎಷ್ಟು ಕಾರು? ವ್ಯತ್ಯಾಸಕ್ಕೆ ಕಾರಣವೇನು? ಮೂರು ಪ್ರತಿ ಕಳಿಸಬೇಕು. ಮೊದಲ ಮೂರು ಕಾಲಂ ಹದಿನೈದು ದಿನದಲ್ಲಿ, ಉಳಿದೆರಡು ಮಾರ್ಚಿನಲ್ಲಿ.

ಮುಖ್ಯಾಧಿಕಾರಿ ರಾಚಯ್ಯನವರು ಕಾಗದವನ್ನು ಎರಡು ಸಲ ಓದಿದರು. ಹಿಂಬದಿಗೇನಾದರೂ ಬರೆದಿದೆಯೇ ಎಂದು ತಿರುವಿ ನೋಡಿದರು. ಆಮೇಲೆ, ಅರ್ಥವಾಗದ ಕಾಗದ ಬಂದಾಗಲೆಲ್ಲ ಮಾಡುವಂತೆ, ಅಮಾತೆಪ್ಪನನ್ನು ಕರೆದರು.

ಅಮಾತೆಪ್ಪ ಪುರಸಭೆಯ ಹಂಗಾಮಿ ಗುಮಾಸ್ತ. ಹಂಗಾಮಿಯಾಗಿ ಏಳು ವರ್ಷ ಕಳೆದಿದ್ದವು. ಹಗಲು ಮಗ್ಗದ ಕುಣಿಯಲ್ಲಿ ಕಾಲಿಟ್ಟು, ಸಂಜೆ ಶಾಲೆಯಲ್ಲಿ ತಲೆಯಿಟ್ಟು, ಮೂರನೆಯ ಸಲಕ್ಕೆ ಮೆಟ್ರಿಕ್ ಪಾಸಾದವನು. ಸಂಜೆ ಶಾಲೆಯ ಮಾಸ್ತರರು ಕಲಿಸಿದ್ದರಲ್ಲಿ ಒಂದು ಮಾತು ಮಾತ್ರ ಅವನ ಎಲುಬಿಗೆ ಇಳಿದಿತ್ತು: ‘ಖಾಲಿ ಬಿಟ್ಟ ಪ್ರಶ್ನೆಗೆ ಸೊನ್ನೆ.’ ಅಂದಿನಿಂದ ಅವನು ಯಾವ ಕಾಗದದಲ್ಲೂ ಯಾವ ಜಾಗವನ್ನೂ ಖಾಲಿ ಬಿಟ್ಟವನಲ್ಲ. ತನ್ನ ಮದುವೆಯ ನೋಂದಣಿಯಲ್ಲಿ ‘ಷರಾ’ ಎಂಬ ಕಡೆ ‘ಮಳೆ ಇತ್ತು’ ಎಂದು ಬರೆದಿದ್ದ.

“ಅಮಾತೆಪ್ಪ, ಇದನ್ನ ನೀನ ತುಂಬು,” ಎಂದರು ರಾಚಯ್ಯನವರು. “ಚಂದಂಗ ತುಂಬಿದಿ ಅಂದ್ರ ಇದರ ಬೆನ್ನಿಗೇ ನಿನ್ನ ಕಾಯಂ ಮಾಡೂ ಕಾಗದಾನೂ ಮ್ಯಾಲ ಕಳಸ್ತೇನಿ. ಕೆಡಿಸಿದಿ ಅಂದ್ರ…”

ಮುಂದಿನದನ್ನು ಹೇಳದೆ ಅವರು ಮೇಜಿನ ಡ್ರಾವರಿನ ಕಡೆ ನೋಡಿದರು. ಅಮಾತೆಪ್ಪನನ್ನು ಕಾಯಂ ಮಾಡುವ ಕಾಗದ ಏಳು ವರ್ಷದಿಂದ ಆ ಡ್ರಾವರಿನಲ್ಲಿತ್ತು. ಅದರ ಮೇಲೆ ಅವರ ತಂಬಾಕಿನ ಡಬ್ಬಿ ಇತ್ತು.

“ಊರಾಗ ಇರೂದ ಒಂದ ಕಾರ್ರೀ ಸಾಹೇಬ್ರ.”

“ಒಂದ ಇದ್ರ ಒಂದ ಅಂತ ಬರಿ. ಕೇಳಿದ್ದಕ್ಕ ಉತ್ತರ ಕೊಡು.”

ಮೊದಲನೆಯ ಕಾಲಂ ಅಲ್ಲೇ ತುಂಬಿತು. ಮೂರನೆಯದಕ್ಕೆ ಅಮಾತೆಪ್ಪ ಒಂದು ಗಂಟೆ ಯೋಚಿಸಿದ. ಪುರಸಭೆ ಯಾವ ಕ್ರಮವನ್ನೂ ಕೈಗೊಂಡಿರಲಿಲ್ಲ, ಆದರೆ ಖಾಲಿ ಬಿಡುವಂತಿರಲಿಲ್ಲ. ಕಿಟಕಿಯಿಂದ ನೋಡಿದರೆ ನೇಕಾರರ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹಾಸು ಹೂಡಿತ್ತು. ಸೀರೆಯ ಉದ್ದನೆಯ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುವುದು ಅಲ್ಲಿಯ ದಿನನಿತ್ಯದ ಕೆಲಸ. ಹೂಡಿದ ಹಾಸನ್ನು ಯಾರೂ ದಾಟುವ ಹಾಗಿಲ್ಲ. ಅಮಾತೆಪ್ಪ ಬರೆದ: ‘ಮುಂಜಾನೆ ರಸ್ತೆಗೆ ಹಾಸು ಹೂಡುವುದರಿಂದ ವಾಹನಗಳು ಬರುವುದಿಲ್ಲ.’ ಇದು ಸುಳ್ಳಲ್ಲ ಎಂದು ಮೂರು ಸಲ ಮನಸ್ಸಿಗೆ ಹೇಳಿಕೊಂಡು, ಎರಡನೆಯ ಕಾಲಮ್ಮಿಗಾಗಿ ವಹಿ ಹಿಡಿದು ಮನೆಮನೆಗೆ ಹೊರಟ.

ಊರಿನ ಆ ಒಂದು ಕಾರು ಶಿವಬಸವ್ವನದು. ಸೀರೆ ವ್ಯಾಪಾರಿಯಾಗಿದ್ದ ಅವಳ ಗಂಡ ಅದನ್ನು ಬಾಗಲಕೋಟೆಯಿಂದ ತಂದಿದ್ದ; ತಂದ ವರ್ಷವೇ ತೀರಿಕೊಂಡ. ಕರಿ ಬಣ್ಣದ ಆ ಕಾರು ಹನ್ನೆರಡು ಮಂದಿ ಹನಮಪ್ಪನ ಗುಡಿಯ ಇಳಿಜಾರಿನವರೆಗೆ ನೂಕದ ಹೊರತು ಚಾಲೂ ಆಗುತ್ತಿರಲಿಲ್ಲ. ಚಾಲಕ ಚಾಂದಸಾಬ ಒಳಗೆ ಕುಳಿತು ಚಕ್ರ ತಿರುಗಿಸುತ್ತಿದ್ದ ಮತ್ತು “ನೂಕ್ರೀ” ಎನ್ನುತ್ತಿದ್ದ. ಇವೆರಡರಲ್ಲಿ ಎರಡನೆಯದೇ ಅವನ ಮುಖ್ಯ ಕೆಲಸ.

ಕಾರಿನ ಎದುರು ಮನೆ ರಂಗವ್ವನದು.

“ರಂಗವ್ವಕ್ಕ, ಕಾರಿನ ಮ್ಯಾಲ ನಿಮ್ಮ ಅವಲಂಬನೆ ಐತೇನು?”

“ಹಂಗಂದ್ರ ಏನೋ ತಮ್ಮಾ?”

“ಅದು ಇಲ್ದಿದ್ರ ನಿಮಗ ತ್ರಾಸ ಆಗತೈತೇನು ಅಂತ.”

“ಆಗದೇನ? ನನ್ನ ಕೋಳಿ ಅದರ ಬುಡಕ ತತ್ತಿ ಇಡತೈತಿ. ಬ್ಯಾರೆ ಕಡೆ ಇಡೂದುಲ್ಲ ಅದು. ಮದುವಿ ಮೆರವಣಿಗಿಗೆ ಕಾರ್ ಒಯ್ದ ದಿನ ದಿನಾ ಪೂರ್ತಿ ತಡಕೊಂಡು ಕುಂತಿತ್ತು.”

ಅಮಾತೆಪ್ಪ ‘ರಂಗವ್ವ, ಒಂದು’ ಎಂದು ಬರೆದ. ಕೋಳಿಯನ್ನು ಬರೆಯಬೇಕೇ ಎಂಬ ಪ್ರಶ್ನೆ ಅವನನ್ನು ಅರ್ಧ ಓಣಿಯವರೆಗೆ ಕಾಡಿತು. ಖರೆ ನೋಡಿದರೆ ರಂಗವ್ವನಿಗಿಂತ ಕೋಳಿಯ ಅವಲಂಬನೆಯೇ ಹೆಚ್ಚು. ಆದರೆ ನಮೂನೆಯಲ್ಲಿ ‘ನಿವಾಸಿಗಳು’ ಎಂದಿತ್ತು. ಕೊನೆಗೆ ಬಿಟ್ಟ.

ಚಹಾದಂಗಡಿಯ ಹನಮಂತಪ್ಪ, “ಕಾರ್ ನೂಕಿದವರೆಲ್ಲಾ ನನ್ನ ಅಂಗಡಿಗೇ ಚಾಕ್ಕ ಬರ್ತಾರ. ಅದೇನರ ಒಮ್ಮಿಗೇ ಚಾಲೂ ಆಗಾಕ ಹತ್ತಿದ್ರ ನಾ ಅಂಗಡಿ ಮುಚ್ಚಬೇಕು. ಬರಿ ನನ್ನ ಹೆಸರು, ದಪ್ಪಗೆ ಬರಿ,” ಎಂದ. ಕಾಸಿಂಬಿ ಕಾರಿನ ಮೂತಿಯ ಮೇಲೆ ಶಾವಿಗೆ ಒಣಗಿಸುತ್ತಿದ್ದಳು. ಅಷ್ಟು ಬೇಗ ಕಾಯುವ ತಗಡು ಊರಲ್ಲಿ ಇನ್ನೊಂದಿಲ್ಲ ಎಂದಳು. ಹೀಗೆ ಸಂಜೆಯ ಹೊತ್ತಿಗೆ ಅರವತ್ಮೂರು ಹೆಸರಾದವು. ಅರವತ್ಮೂರಕ್ಕೆ ನಿಂತಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು.

ಆದರೆ ನೂಲಗೇರಿಯವರಿಗೆ ಪಟ್ಟಿಗಳ ಬಗ್ಗೆ ಒಂದು ಅನುಭವವಿತ್ತು. ಹಿಂದೊಮ್ಮೆ ಪುರಸಭೆಯವರು ಮನೆಮನೆಗೆ ಬಂದು ಹೆಸರು ಬರೆದುಕೊಂಡದ್ದು ಸಕ್ಕರೆ ಕಾರ್ಡಿಗೆ. ಅಂದು ಅರ್ಧ ಊರು ಕೂಡಲಸಂಗಮಕ್ಕೆ ಹೋಗಿತ್ತು. ಹೋದವರು ಎರಡು ವರ್ಷ ಬೆಲ್ಲದ ಚಹಾ ಕುಡಿದರು. ಅಂದಿನಿಂದ ಊರಿನಲ್ಲಿ ಒಂದು ತಿಳುವಳಿಕೆ: ಸರಕಾರ ಹೆಸರು ಕೇಳಿತೆಂದರೆ ಏನೋ ಕೊಡುತ್ತದೆ. ಏನೆಂದು ಕೇಳುತ್ತಾ ಕೂತವನು ಕೆಟ್ಟ.

ಮರುದಿನ ಮುಂಜಾನೆ ಅಮಾತೆಪ್ಪ ಬಾಗಿಲು ತೆಗೆದರೆ ಸಾಲು ನಿಂತಿತ್ತು. ಎಲ್ಲರ ಮುಂದೆ ನೇಕಾರ ಕನಕಪ್ಪ, ಓಣಿಯ ಹಿರಿಯ.

“ನಮ್ಮನ್ಯಾಗ ಒಂಬತ್ತು ಮಂದಿ. ಒಂಬತ್ತೂ ಬರಿ.”

“ಕಾಕಾ, ನೀವು ಹುಟ್ಟಿದಾಗಿಂದ ಕಾರ್ ಹತ್ತಿಲ್ಲಲ್ರೀ.”

“ಅದಕ್ಕ ಬರಿ ಅನ್ನಾಕ ಹತ್ತೇನಿ. ಹತ್ತಿದವರಿಗೆ ಮತ್ಯಾಕ ಕಾರು?”

“ಇದು ಕಾರ್ ಕೊಡೂ ಪಟ್ಟಿ ಅಲ್ರೀ. ಕಾರ್ ಕಡಿಮಿ ಮಾಡೂದು.”

ಕನಕಪ್ಪ ಹಿಂದಿನ ಸಾಲಿನ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಹೌದೌದು. ಸಕ್ಕರಿ ಕಡಿಮಿ ಐತಿ ಅಂತನ ಕಾರ್ಡ್ ಮಾಡಿದ್ರು. ಇದ್ದದ್ದು ಇಲ್ದವರಿಗೆ ಹಂಚಾಕನ ಪಟ್ಟಿ ಮಾಡೂದು. ನೀ ಗುಟ್ಟು ಬಿಡಬ್ಯಾಡಪಾ, ನಿನ್ನ ನೌಕರಿ ನಿನಗ. ಒಂಬತ್ತು ಬರಿ.”

ಅಮಾತೆಪ್ಪ ವಹಿ ಬಿಚ್ಚಿದ. ನಿವಾಸಿಯೊಬ್ಬ ತಾನು ಅವಲಂಬಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳುವಾಗ ಇಲ್ಲ ಎನ್ನಲು ಗುಮಾಸ್ತನಿಗೆ, ಅದೂ ಹಂಗಾಮಿ ಗುಮಾಸ್ತನಿಗೆ, ಅಧಿಕಾರವೆಲ್ಲಿದೆ? ಬರೆದ. ನಾಲ್ಕು ದಿನ ಬರೆದ. ತೀರಿಕೊಂಡ ಆರು ಮಂದಿಯ ಹೆಸರು ಸೇರಿದ್ದವು; ಅವನ್ನು ಮಾತ್ರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಆ ಮನೆಗಳ ವೈರ ಕಟ್ಟಿಕೊಂಡ.

ಮನೆಯಲ್ಲೂ ಸುಖವಿರಲಿಲ್ಲ. “ಮಂದೀದೆಲ್ಲಾ ಬರದ್ರಿ. ನಮ್ಮಪ್ಪಂದು?” ಎಂದಳು ಹೆಂಡತಿ ಶಿವಲಿಂಗವ್ವ.

“ನಿಮ್ಮಪ್ಪ ಇರೂದು ಅಮೀನಗಡದಾಗ.”

“ಬಂದಾಗ ಅಂವ ಎಲ್ಲಿ ಕುಂದರಬೇಕು ಮತ್ತ? ಎಲ್ಲಾರೂ ಕಾರಿನಾಗ ಕುಂತಿರ್ತಾರ, ನಮ್ಮಪ್ಪ ಕಟ್ಟಿ ಮ್ಯಾಲ ಕುಂದರಬೇಕೇನು?”

ಅಮಾತೆಪ್ಪ ಮಾವನ ಹೆಸರು ಬರೆಯಲಿಲ್ಲ. ಅಂದಿನಿಂದ ಅವನ ತಾಟಿಗೆ ರೊಟ್ಟಿ ಮೇಲಿನಿಂದ ಬೀಳತೊಡಗಿತು.

ಕೊನೆಯ ಮನೆ ಶಿವಬಸವ್ವನದು. ಅವಳು ಚೀಲ ಹಿಡಿದು ಇಳಕಲ್ಲಿಗೆ ಹೊರಟಿದ್ದಳು.

“ನಂದ ಬರೀಬ್ಯಾಡ,” ಎಂದಳು. “ನಾ ಯಾಕ ಅದರ ಮ್ಯಾಲ ಅವಲಂಬಿಸ್ಲಿ? ಹನ್ನೆರಡು ಮಂದೀನ ಕೂಡಿಸಿ, ಅವರಿಗೆ ಚಾ ಕುಡಿಸಿ, ಅದನ್ನ ಗುಡಿತನಕ ನೂಕಸೂದರಾಗ ನಾ ಬಸ್ಸಿಗೆ ಹೋಗಿ ಸಂತಿ ಮಾಡಿಕೊಂಡು ತಿರುಗಿ ಬಂದಿರ್ತೇನಿ.”

ಹೀಗೆ, ನಾಲ್ಕು ಸಾವಿರದ ಇನ್ನೂರ ಹನ್ನೆರಡು ಮಂದಿಯ ಊರಿನಲ್ಲಿ ಕಾರಿನ ಮೇಲೆ ಅವಲಂಬಿಸದವಳು ಕಾರಿನ ಒಡತಿ ಒಬ್ಬಳೇ ಆದಳು. ಅಮಾತೆಪ್ಪ 4,211 ಎಂದು ಬರೆದು ಮೂರು ಪ್ರತಿ ಮಾಡಿದ. ರಾಚಯ್ಯನವರು ಅಂಕಿಯನ್ನು ನೋಡದೆ, ಅಕ್ಷರ ಚೆನ್ನಾಗಿದೆಯೆಂದು ಸಹಿ ಹಾಕಿದರು.

ಎಂಟನೆಯ ದಿನಕ್ಕೆ ಜಿಲ್ಲಾ ಕಚೇರಿಯಿಂದ ಉತ್ತರ ಬಂತು. ರಾಚಯ್ಯನವರು ಅದನ್ನು ನಿಂತು ಓದಿ, ಕುಳಿತು ಓದಿ, ಅಮಾತೆಪ್ಪನ ಮುಂದೆ ಹಿಡಿದರು. ಒಂದೊಂದು ಕಾರಿನ ಮೇಲೆ ಇಷ್ಟು ನಿವಾಸಿಗಳು ಅವಲಂಬಿಸಿದ ಪಟ್ಟಣ ಜಿಲ್ಲೆಯಲ್ಲಿ ಎರಡನೆಯದಿಲ್ಲ, ಪರಿಸ್ಥಿತಿ ಕಳವಳಕಾರಿ, ಬರುವ ಸೋಮವಾರ ಸಾಹೇಬರೇ ತಪಾಸಣೆಗೆ ಬರುವರು, ಅಷ್ಟರೊಳಗೆ ಅವಲಂಬನೆಯನ್ನು ತಗ್ಗಿಸತಕ್ಕದ್ದು.

“ಸೋಮವಾರದೊಳಗ ಅರ್ಧಕ್ಕ ಇಳಸು,” ಎಂದರು ರಾಚಯ್ಯನವರು. ಅವರ ಕೈ ಡ್ರಾವರಿನ ಮೇಲಿತ್ತು. “ಇಲ್ಲಂದ್ರ ಈ ಕಾಗದಾ ಮ್ಯಾಲ ಹೋಗೂದುಲ್ಲ. ನೀ ಕೆಳಗ ಹೋಗ್ತಿ.”

ಅಮಾತೆಪ್ಪ ಮತ್ತೆ ಮನೆಮನೆ ಹತ್ತಿದ. ಹೆಸರು ಬರೆಸಿಕೊಳ್ಳಲು ನಾಲ್ಕು ದಿನ ಹಿಡಿದಿತ್ತು. ಹೊಡೆಸಿಕೊಳ್ಳಲು ಒಬ್ಬರೂ ತಯಾರಿರಲಿಲ್ಲ.

“ನಂದ ಹೊಡದು ಯಾರಿಗೆ ಕೊಡಾಕ ಹೊಂಟಿ? ನಿಮ್ಮ ಮಾವಗೇನು?” ಎಂದ ಹನಮಂತಪ್ಪ.

“ನನ್ನ ಕೋಳಿ ಹೆಸರ ಮೊದಲ ಬರದಿಲ್ಲ. ಈಗ ನನ್ನ ಹೆಸರಿಗೂ ಕೈ ಹಾಕ್ತೀ?” ಎಂದಳು ರಂಗವ್ವ.

ರವಿವಾರದ ಸಂಜೆ ಲೆಕ್ಕ ನೋಡಿದರೆ ಒಂದು ಹೆಸರೂ ಕಡಿಮೆಯಾಗಿರಲಿಲ್ಲ. ನಡುವೆ ಕಾಸಿಂಬಿಗೆ ಮೊಮ್ಮಗಳು ಹುಟ್ಟಿ ಒಂದು ಹೆಚ್ಚಾಗಿತ್ತು.

ಸೋಮವಾರ ಊರ ಅಗಸೆ ಬಾಗಿಲ ಮುಂದೆ ಮಂದಿ ನೆರೆದರು. ಹೆಂಗಸರು ಕುಂಕುಮ ತಂದಿದ್ದರು; ಕೆಲವರು ಗಾಲಿಯ ಕೆಳಗಿಡಲು ನಿಂಬೆಹಣ್ಣನ್ನೂ ತಂದಿದ್ದರು. ಹತ್ತು ಗಂಟೆಗೆ ಧೂಳೆಬ್ಬಿಸುತ್ತ ಸಾಹೇಬರ ಜೀಪು ಬಂತು.

“ಮೊದಲನೇದು ಬಂತು,” ಎಂದ ಹನಮಂತಪ್ಪ.

ಉಳಿದವು ಎಲ್ಲಿ ಎಂದು ಮಂದಿ ರಸ್ತೆ ನೋಡುತ್ತಿರುವಾಗಲೇ ಜೀಪು ನಾಲ್ಕು ನಿಂಬೆಹಣ್ಣು ಹಿಚುಕಿ ನೇಕಾರರ ಓಣಿಗೆ ಹೊರಳಿತು. ಹೊರಳಿ ನಿಂತಿತು. ಮುಂದೆ ಓಣಿಯುದ್ದಕ್ಕೂ ಹಾಸು. ಕನಕಪ್ಪ ಕುಂಚ ಹಿಡಿದು ಎಳೆ ತೀಡುತ್ತಿದ್ದ.

ಸಾಹೇಬರು ಮೈಸೂರ ಕಡೆಯವರು. “ಏನಿದು? ಸ್ವಲ್ಪ ತೆಗೆಯಿರಿ,” ಎಂದರು.

“ತೆಗೀಲಿಕ್ಕೆ ಬರೂದುಲ್ರೀ. ಗಂಜಿ ಹಚ್ಚೇವಿ, ಒಣಗಬೇಕು.”

“ಎಷ್ಟು ಹೊತ್ತು ಬೇಕು?”

“ಅದನ್ನ ಸೂರ್ಯಾಗ ಕೇಳಬೇಕ್ರೀ.”

“ಹೀಗೇ ಮೆಲ್ಲಗೆ ದಾಟಿಸಿಕೊಂಡು ಹೋದರೆ?”

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಕನಕಪ್ಪ ಕುಂಚ ಕೆಳಗಿಟ್ಟು, ಗೌರವಕ್ಕೆ ಚ್ಯುತಿ ಬಾರದಂತೆ ಹೇಳಿದ: “ಹ್ವಾದ ವರ್ಷ ನಮ್ಮಪ್ಪನ ಹೆಣಾನೂ ಸುತ್ತ ಹಾಕ್ಕೊಂಡ ಹೋತ್ರೀ ಸಾಹೇಬ್ರ. ಹಾಸ ಹೂಡಿದಾಂವಾ ನಾನ ಇದ್ದೆ.”

ಇದಾದ ಮೇಲೆ ಸಾಹೇಬರು ಇಳಿದರು. ಓಣಿಯ ಅಂಚಿನಲ್ಲಿ ಗೋಡೆಗೆ ಹೊಟ್ಟೆ ತಾಗಿಸುತ್ತ ಅರ್ಧ ಮೈಲಿ ನಡೆದರು. ಅಮಾತೆಪ್ಪ ಹಿಂದೆ ವಹಿ ಹಿಡಿದು ನಡೆದ. ಸಾಹೇಬರ ಏದುಸಿರೊಂದೊಂದೂ ತನ್ನ ಕಾಯಂ ನೌಕರಿಯ ಒಂದೊಂದು ವರ್ಷವನ್ನು ಊದಿಹಾಕುತ್ತಿರುವಂತೆ ಅವನಿಗೆ ಕೇಳಿಸಿತು.

ಓಣಿ ಮುಗಿದಲ್ಲಿ ಶಿವಬಸವ್ವನ ಕಾರು ಕಾದಿತ್ತು. ಸಾಹೇಬರನ್ನು ಅಲ್ಲಿಂದ ಮುಂದೂ ನಡೆಸಬಾರದೆಂದು ರಾಚಯ್ಯನವರು ಕಳಿಸಿದ್ದರು. ಸಾಹೇಬರು ಹಿಂದೆ ಕುಳಿತರು. ಚಾಂದಸಾಬ “ನೂಕ್ರೀ” ಎಂದ. ಹನ್ನೆರಡು ಮಂದಿ ನೂಕಿದರು. ಹನ್ನೆರಡು ಎನ್ನುವುದೂ ಪೂರ್ತಿ ಖರೆಯಲ್ಲ, ಒಬ್ಬ ಬರೀ ಕೈ ಇಟ್ಟಿದ್ದ. ಇಳಿಜಾರಿನಲ್ಲಿ ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ರಂಗವ್ವನ ಮನೆಯ ಮುಂದೆ ಕೋಳಿ ಅಡ್ಡಬಂದು ಬುಡಕ್ಕೆ ನುಸುಳಿದ್ದರಿಂದ ಅದು ಏಳುವವರೆಗೆ ನಿಲ್ಲಬೇಕಾಯಿತು. ಪುರಸಭೆ ಮುಟ್ಟಿದಾಗ ಹನ್ನೊಂದೂವರೆ.

ಸಾಹೇಬರು ಕುರ್ಚಿಯಲ್ಲಿ ಕುಳಿತು ನಮೂನೆ ಬಿಚ್ಚಿದರು. “ಈ ಕಾರಿನ ಮೇಲೆ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಜನ ಅವಲಂಬಿಸಿದ್ದಾರೆಯೆ?”

“ಹನ್ನೆರಡ್ರೀ,” ಎಂದ ಅಮಾತೆಪ್ಪ. “ಶುಕ್ರವಾರ ಒಂದು ಹುಟ್ಟೇತ್ರೀ.”

ರಾಚಯ್ಯನವರು ಕಣ್ಣು ಮುಚ್ಚಿಕೊಂಡರು. ಆದರೆ ಪ್ರಶ್ನೆ ಕೇಳಿಯಾಗಿತ್ತು, ಅಮಾತೆಪ್ಪ ಉತ್ತರ ಖಾಲಿ ಬಿಡುವಂತಿರಲಿಲ್ಲ.

“ಮಂದಿ ಬರೀ ಅಂದ್ರು, ಬರದೆ. ತಪ್ಪಾಗೈತ್ರೀ. ಈ ಕಾರ್ ಹ್ವಾದ ವರ್ಷ ಎಂಟು ಮೈಲಿ ಹೋಗೇತ್ರೀ. ಅದರಾಗ ಆರು ಮೈಲಿ ಊರವರ ನೂಕ್ಯಾರ. ಖರೆ ಹೇಳಬೇಕಂದ್ರ ಇಲ್ಲಿ ಮಂದಿ ಕಾರಿನ ಮ್ಯಾಲ ಅವಲಂಬಿಸಿಲ್ರೀ. ಕಾರ ಮಂದಿ ಮ್ಯಾಲ ಅವಲಂಬಿಸೇತಿ.”

ಸಾಹೇಬರು ನಮೂನೆಯನ್ನು ಮೇಲಿನಿಂದ ಕೆಳಗೆ ನೋಡಿದರು. “ಅದಕ್ಕೆ ಕಾಲಂ ಇಲ್ಲ,” ಎಂದರು.

ಸಾಹೇಬರ ಬೆರಳು ಮೂರನೆಯ ಕಾಲಮ್ಮಿನ ಹಾಸಿನ ಮಾತಿಗೆ ಬಂದು ನಿಂತಿತ್ತು. ಅವರು ಅದನ್ನು ತುಟಿ ಅಲುಗಿಸುತ್ತ ಓದಿದರು. ತಮ್ಮ ಧೂಳು ಹಿಡಿದ ಬೂಟನ್ನು ನೋಡಿಕೊಂಡರು.

“ಹನ್ನೊಂದು ವರ್ಷದ ಮೇಲೆ ನಾನು ಇವತ್ತು ಅರ್ಧ ಮೈಲಿ ನಡೆದೆ,” ಎಂದರು.

“ತಪ್ಪಾತ್ರೀ,” ಎಂದರು ರಾಚಯ್ಯನವರು ಮತ್ತು ಅಮಾತೆಪ್ಪ ಒಟ್ಟಿಗೆ.

“ತಪ್ಪೇನು ಬಂತು? ಜಿಲ್ಲೆಯ ಉಳಿದ ಪಟ್ಟಣಗಳೆಲ್ಲ ಮೂರನೆಯ ಕಾಲಂ ಖಾಲಿ ಬಿಟ್ಟಿವೆ. ಇಲ್ಲಿ ಕ್ರಮ ಇದೆ. ಕ್ರಮ ಜಾರಿಯಲ್ಲಿದೆ. ಸ್ವತಃ ನನ್ನ ಮೇಲೆಯೇ ಜಾರಿಯಾಗಿದೆ. ಇದನ್ನು ಬರೆದ ಗುಮಾಸ್ತ ಯಾರು?”

ಅಮಾತೆಪ್ಪ ಕೈ ಎತ್ತಿದ. ರಾಚಯ್ಯನವರು ಡ್ರಾವರು ತೆಗೆದು, ತಂಬಾಕಿನ ಡಬ್ಬಿ ಬದಿಗಿಟ್ಟು, ಏಳು ವರ್ಷದ ಕಾಗದವನ್ನು ಸಾಹೇಬರ ಮುಂದಿಟ್ಟರು. ಅದರ ಮೇಲೆ ಡಬ್ಬಿಯ ದುಂಡನೆಯ ಗುರುತು ಬಿದ್ದಿತ್ತು. ಸಾಹೇಬರು ಅದನ್ನು ಹಳೆಯ ಮೊಹರೆಂದು ತಿಳಿದು ಅದರ ಮಗ್ಗುಲಿಗೇ ಸಹಿ ಹಾಕಿದರು.

ಮುಂದಿನ ತಿಂಗಳು ಎಲ್ಲ ಪಟ್ಟಣಗಳಿಗೂ ಆದೇಶ ಹೋಯಿತು: ದಿನಾ ಮುಂಜಾನೆ ರಸ್ತೆಗೆ ಹಾಸು ಹೂಡತಕ್ಕದ್ದು, ನೇಕಾರರಿಲ್ಲದಲ್ಲಿ ನೂಲು ತರಿಸಿಕೊಳ್ಳತಕ್ಕದ್ದು. ಬದಾಮಿಯಿಂದ ಉತ್ತರ ಬಂತು: ‘ಹೂಡಲಾಗಿದೆ. ಮಂಗಗಳು ಒಯ್ದಿವೆ. ಎರಡನೆಯ ಕಂತಿನ ನೂಲು ಕಳಿಸುವುದು.’ ಬಾಗಲಕೋಟೆಯಿಂದ ಬಂತು: ‘ಟಾಂಗಾ ಕುದುರೆಗಳು ಗಂಜಿ ನೆಕ್ಕುತ್ತ ನಿಂತಲ್ಲೇ ನಿಲ್ಲುತ್ತಿವೆ. ಕಾರುಗಳ ಜೊತೆಗೆ ಟಾಂಗಾಗಳೂ ನಿಂತಿವೆ. ಯೋಜನೆ ನಿರೀಕ್ಷೆಗಿಂತ ಯಶಸ್ವಿ.’

ಇಷ್ಟು ಊರುಗಳ ಹಾಸನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ? ಅಮಾತೆಪ್ಪ ಕಾಯಂ ಆದ. ರಸ್ತೆ ಹಾಸುಗಳ ಮೇಲ್ವಿಚಾರಕನೂ ಆದ. ಊರೂರು ತಿರುಗಬೇಕಾದ ಹುದ್ದೆಯಾದ್ದರಿಂದ, ನಿಯಮದ ಪ್ರಕಾರ, ಅವನಿಗೆ ಒಂದು ಸರಕಾರಿ ಜೀಪು ಮಂಜೂರಾಯಿತು.

ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಅಮಾತೆಪ್ಪನ ಮನೆಯ ಮುಂದೆ ನಿಲ್ಲಿಸಿ ಹೋದರು. ಊರೇ ಬಂದು ನೋಡಿತು.

“ಕಾರ್ ಕೊಡೂ ಪಟ್ಟಿ ಅಲ್ಲಂದಿದ್ದಿ,” ಎಂದ ಕನಕಪ್ಪ. ಅಷ್ಟೇ ಎಂದ.

“ನಾಲ್ಕು ಸಾವಿರ ಮಂದಿ ಹೆಸರ ಕೊಟ್ವಿ. ಬಂದದ್ದು ಬರಕೊಂಡಾಂವಗ ಒಬ್ಬಗ,” ಎಂದ ಹನಮಂತಪ್ಪ.

ಅದು ಹಾಗಲ್ಲ ಎಂದು ಅಮಾತೆಪ್ಪ ಮೂರು ದಿನ ಹೇಳಿದ. ನಾಲ್ಕನೆಯ ದಿನ ಜೀಪು ಚಾಲೂ ಮಾಡಲು ಚಾಂದಸಾಬನನ್ನು ಕರೆತಂದ. ಚಾಂದಸಾಬ ಒಳಗೆ ಕುಳಿತು “ನೂಕ್ರೀ” ಎಂದ. ಯಾರೂ ಮುಂದೆ ಬರಲಿಲ್ಲ. ಬರೀ ಕೈ ಇಡುವವನೂ ಬರಲಿಲ್ಲ.

ಶಿವಬಸವ್ವ ಚೀಲ ಹಿಡಿದು ಬಸ್ಸಿಗೆ ಹೊರಟವಳು ನಿಂತು ನೋಡಿದಳು. “ಲೆಕ್ಕಾ ಮಾಡು ತಮ್ಮಾ, ಹನ್ನೆರಡು ಮಂದಿ ಬೇಕಾಗ್ತಾರ,” ಎಂದು ಹೇಳಿ ಮುಂದೆ ನಡೆದಳು.

ಮಾರ್ಚಿನಲ್ಲಿ ನಮೂನೆಯ ಉಳಿದ ಭಾಗ ತುಂಬುವ ದಿನ ಬಂತು. ಅಮಾತೆಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ಬರೆದ. ವರ್ಷದ ಮೊದಲಿಗೆ ಕಾರು: ಒಂದು. ವರ್ಷದ ಕೊನೆಗೆ: ಎರಡು. ಎಲ್ಲ ಊರುಗಳಲ್ಲಿ ಹುಡುಕಿದರೂ ಕಾರು ಹೆಚ್ಚಾದ ಪಟ್ಟಣ ಇದೊಂದೇ ಆಗಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಐದನೆಯ ಕಾಲಂ, ‘ವ್ಯತ್ಯಾಸಕ್ಕೆ ಕಾರಣ’, ಅವನನ್ನೇ ನೋಡುತ್ತ ಕೂತಿತ್ತು.

ಶಿವಲಿಂಗವ್ವ ಒಳಗಿನಿಂದ ಬಂದು ಹಣಿಕಿ ನೋಡಿದಳು. “ಖರೇ ಬರದ್ರ ಕಾಯಂ ನೌಕರಿ ಹೋದೀತ್ರಿ. ಅದೊಂದ ಖಾಲಿ ಬಿಡ್ರಿ.”

“ಖಾಲಿ ಬಿಟ್ರ ಸೊನ್ನೆ,” ಎಂದ ಅಮಾತೆಪ್ಪ. ಬೆವರು ಒರೆಸಿಕೊಂಡು, ದುಂಡನೆಯ ಅಕ್ಷರದಲ್ಲಿ ಬರೆದ: ‘ಕಾರಣ: ಕಾರುಗಳನ್ನು ಕಡಿಮೆ ಮಾಡುವ ಯೋಜನೆ.’

ಅಷ್ಟರಲ್ಲಿ ಜೀಪಿನ ಬುಡದಿಂದ ಕೋಳಿ ಕೂಗಿತು. ರಂಗವ್ವ ಬಂದು ತತ್ತಿ ಎತ್ತಿಕೊಂಡು, “ಹೊಸಾದರ ಬುಡಕ ನೆಳ್ಳು ಚೊಲೋ ಐತಿ. ಇನ್ನ ಇಲ್ಲೇ ಇರತೈತಂತ,” ಎಂದಳು. ಅಮಾತೆಪ್ಪ ಸ್ವಲ್ಪ ಯೋಚಿಸಿದ. ಇಲ್ಲೇ ಇರುವುದಾದರೆ ನಿವಾಸಿಯೇ. ಹೊಸ ವಾಹನದ ಎದುರಿಗೆ, ಅವಲಂಬಿತರು ಎಂಬಲ್ಲಿ, ‘ಕೋಳಿ, ಒಂದು’ ಎಂದು ಸೇರಿಸಿದ. ವರ್ಷದಲ್ಲಿ ಮೊದಲ ಸಲ ಒಂದು ಅಂಕಿಯ ಬಗ್ಗೆ ಅವನ ಮನಸ್ಸಿಗೆ ಪೂರ್ತಿ ಸಮಾಧಾನವಾಯಿತು.

ಮೂರು ಪ್ರತಿಗಳನ್ನು ಮಡಚಿ ಚೀಲದಲ್ಲಿಟ್ಟು ಅವನು ಬಸ್ಸಿಗೆ ನಡೆದ. ಓಣಿಯಲ್ಲಿ ಕನಕಪ್ಪ ಹಾಸು ಹೂಡಿದ್ದ. ಜಿಲ್ಲೆಯ ರಸ್ತೆ ಹಾಸುಗಳ ಕಾಯಂ ಮೇಲ್ವಿಚಾರಕ ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತು ಹಾಕಿಕೊಂಡು ಹೋದ.